ಕೊಯ್ಯುವುದೋ, ಕರೆಂಟ್ ಕೊಡುವುದೋ, ಕೀಮೋ ಸಾಕೋ?

“ಡಾಕ್ಟರೇ, ಕೊಯ್ಯುವುದು ಬೇಡ, ಕೀಮೋ ಕೊಟ್ಟು ಕರಗಿಸಿಬಿಡಿ.” ವಿಕಿರಣ (ಜನರ ಮಾತಿನಲ್ಲಿ ‘ಕರೆಂಟ್’) ಚಿಕಿತ್ಸಕನಾದ ನನ್ನ ಮುಂದೆ ಕೂತವರಲ್ಲಿ ಬಹಳ ಮಂದಿ ಹೀಗೆ ಬೇಡಿಕೊಳ್ಳುತ್ತಾರೆ. ಆದರೆ ಬಾಯಿ, ಗಂಟಲಿನಲ್ಲಿ ಸಾಮಾನ್ಯವಾಗಿ ಕಾಣುವ ಕ್ಯಾನ್ಸರನ್ನು ಕೀಮೋ ಒಂದೇ ಗುಣಪಡಿಸಲಾರದು. ಗುಣಪಡಿಸುವುದು ಶಸ್ತ್ರಚಿಕಿತ್ಸೆ ಇಲ್ಲವೇ ವಿಕಿರಣ. ವಿಕಿರಣಕ್ಕೆ ಬಲ ತುಂಬುವುದು ಕೀಮೋ. ಹಾಗಾಗಿ ಗಡ್ಡೆ ಎಲ್ಲಿದೆ ಎಂಬುದನ್ನು ಮೊದಲು ನೋಡುತ್ತೇನೆ.

ತಂಬಾಕು, ಗುಟ್ಕಾ ಜಗಿದು ಕೆನ್ನೆಯೊಳಗೆ ಎದ್ದ ಗಡ್ಡೆ ತೆಗೆಯಲು ಬರುವಂತಿದ್ದರೆ ಶಸ್ತ್ರಚಿಕಿತ್ಸೆಯೇ ಮೊದಲು. ತೆಗೆದ ಭಾಗದ ಅಂಚಿನಲ್ಲಿ ಕ್ಯಾನ್ಸರ್ ಉಳಿದಿದ್ದರೆ ಅಥವಾ ಕುತ್ತಿಗೆಯ ಗ್ರಂಥಿಯ ಹೊದಿಕೆ ದಾಟಿದ್ದರೆ ವಿಕಿರಣದೊಂದಿಗೆ ಸಿಸ್‌ಪ್ಲಾಟಿನ್ ಎಂಬ ಕೀಮೋ ಔಷಧಿ ಸೇರಿಸುತ್ತೇನೆ. 2004ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳಿಂದ ನೆಲೆಗೊಂಡ ಕ್ರಮವಿದು.

ಧ್ವನಿಪೆಟ್ಟಿಗೆಯ ಮಾತು ಬೇರೆ. ಮಾರುಕಟ್ಟೆಯಲ್ಲಿ ಹರಾಜು ಕೂಗುತ್ತಿದ್ದವರೊಬ್ಬರು ಬಂದಿದ್ದರು. ದನಿಯೇ ಅವರ ಅನ್ನ. ಅಮೆರಿಕದ ಮಾಜಿ ಸೈನಿಕರ ಮೇಲೆ ನಡೆದು 1991ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕೀಮೋ, ವಿಕಿರಣ ಪಡೆದವರ ಪೈಕಿ ಸುಮಾರು ಮೂರನೇ ಎರಡರಷ್ಟು ಜನರ ಧ್ವನಿಪೆಟ್ಟಿಗೆ ಉಳಿದಿತ್ತು, ಆಯುಷ್ಯವೂ ಕುಗ್ಗಿರಲಿಲ್ಲ. ಇವರ ಸ್ಕ್ಯಾನಿನಲ್ಲಿ ಗಡ್ಡೆ ಧ್ವನಿಪೆಟ್ಟಿಗೆಯ ಮೃದ್ವಸ್ಥಿಯನ್ನು (ಮೆದು ಮೂಳೆಯನ್ನು) ಸೀಳಿ ಹೊರಬಂದಿರಲಿಲ್ಲ. ನೀರು ಕುಡಿದರೆ ಕೆಮ್ಮೂ ಬರುತ್ತಿರಲಿಲ್ಲ. ನುಂಗಿದ್ದೆಲ್ಲ ಶ್ವಾಸಕೋಶಕ್ಕೆ ಇಳಿಯುತ್ತಿದ್ದರೆ ಧ್ವನಿಪೆಟ್ಟಿಗೆ ಉಳಿಸಿ ಏನು ಪ್ರಯೋಜನ? ಅಂಥವರಿಗೆ ಅದನ್ನು ತೆಗೆಸಿಕೊಳ್ಳಿ ಎಂದೇ ಹೇಳುತ್ತೇನೆ. ಹೇಳುವ ಮುನ್ನ, ತೆಗೆಸಿಕೊಂಡ ಮೇಲೆ ಧ್ವನಿಸಾಧನದಿಂದ ಮಾತನಾಡುತ್ತಿರುವವರೊಬ್ಬರನ್ನು ಭೇಟಿ ಮಾಡಿಸುತ್ತೇನೆ. ನನ್ನ ಎಷ್ಟೋ ಮಾತಿಗಿಂತ ಅವರ ಎರಡು ಮಾತು ಹೆಚ್ಚು ಧೈರ್ಯ ತುಂಬುತ್ತದೆ.

ಹರಾಜಿನವರಿಗೆ ವಾರಕ್ಕೆ ಐದರಂತೆ 35 ದಿನ, ಒಟ್ಟು 70 ಗ್ರೇ (ವಿಕಿರಣದ ಅಳತೆ) ವಿಕಿರಣ, ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಎಂದು ನಿಶ್ಚಯಿಸಿದೆವು. ಆ ಔಷಧಿ ಮೂತ್ರಪಿಂಡಕ್ಕೂ ಕಿವಿಗೂ ಪೆಟ್ಟು ಕೊಡಬಲ್ಲದು. ಮೂತ್ರಪಿಂಡದ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ಮತ್ತು ಶ್ರವಣ ಪರೀಕ್ಷೆ ಆಗದೆ ಶುರುಮಾಡುವುದಿಲ್ಲ. ಹುಳುಕು ಹಲ್ಲುಗಳನ್ನು ಮೊದಲೇ ಕೀಳಿಸಿ ಗಾಯ ಮಾಯಲು ಬಿಟ್ಟೆವು; ವಿಕಿರಣ ಬಿದ್ದ ದವಡೆಯಲ್ಲಿ ಆಮೇಲೆ ಹಲ್ಲು ಕಿತ್ತರೆ ಮೂಳೆಯೇ ಕೊಳೆಯಬಹುದು.

ಇಷ್ಟಾದರೂ ನಾನು ಅತಿ ಹೆಚ್ಚು ಹೊತ್ತು ಮಾತನಾಡಿದ್ದು ಅವರ ಹೆಂಡತಿಯೊಂದಿಗೆ. ಏಳು ವಾರ ಆಸ್ಪತ್ರೆಯ ಹತ್ತಿರ ಉಳಿಯಲು ಜಾಗವಿದೆಯೇ? ಗಂಟಲು ಹುಣ್ಣಾಗಿ ಮೂಗಿನ ನಳಿಗೆಯಲ್ಲಿ ಗಂಜಿ ಕೊಡಬೇಕಾದಾಗ ಯಾರಿರುತ್ತಾರೆ? ನಡುವೆ ಬಿಡುವು ಕೊಟ್ಟರೆ ಉಳಿದ ಕ್ಯಾನ್ಸರ್ ಕೋಶಗಳು ಮತ್ತೆ ಬೆಳೆಯುತ್ತವೆ. ಆಕೆ ತಮ್ಮನನ್ನು ಊರಿನಿಂದ ಕರೆಸಿಕೊಂಡು, ಹತ್ತಿರದಲ್ಲೇ ಒಂದು ಕೋಣೆ ಹಿಡಿದ ಮೇಲೆಯೇ ಮೊದಲ ದಿನವನ್ನು ಗೊತ್ತುಮಾಡಿದೆ.