ಕೊನೆಯ ಹಂತ ಮಗುವಿಗೆ: ಮಗಳು ತಾನೇ ಉಣ್ಣಲು ಕಲಿತ ಬಗೆ

ನಮ್ಮ ಮನೆಯಲ್ಲಿ ಮಗಳ ಬೆಳಗಿನ ಊಟದ ಹೊಣೆ ನನ್ನದು. ಹೆಂಡತಿ ಏಳೂವರೆಗೆ ಕೆಲಸಕ್ಕೆ ಹೊರಡುತ್ತಾಳೆ, ನಾನು ಅಂಗಡಿ ತೆರೆಯುವುದು ಹತ್ತಕ್ಕೆ. ಆ ನಡುವಿನ ಹೊತ್ತಿನಲ್ಲೇ ಅವಳು ತಾನಾಗಿ ಉಣ್ಣಲು, ಲೋಟದಲ್ಲಿ ಕುಡಿಯಲು, ಚಡ್ಡಿ ಏರಿಸಿಕೊಳ್ಳಲು ಕಲಿತಳು. ನನ್ನಂತೆ ಬೆಳಗಿನ ಹೊತ್ತು ಮಗುವಿನ ಜೊತೆಗಿರುವ ಅಪ್ಪಂದಿರಿಗೆ ಉಪಯೋಗವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಸರಿಪಡಿಸಿದ್ದು ಕೂರುವ ಜಾಗವನ್ನು. ಮೈ ವಾಲಾಡುತ್ತಿದ್ದರೆ ಮಗುವಿಗೆ ಒಂದು ಕೈ ನೆಲಕ್ಕೆ ಊರಿಕೊಳ್ಳುವುದಕ್ಕೇ ಬೇಕಾಗುತ್ತದೆ. ಗೋಡೆಗೆ ಬೆನ್ನು ತಾಗುವಂತೆ ಮಣೆ ಹಾಕಿ, ಎದುರಿಗೆ ಇನ್ನೊಂದು ಎತ್ತರದ ಮಣೆಯ ಮೇಲೆ ತಟ್ಟೆ ಇಟ್ಟೆ. ತಟ್ಟೆಯ ಅಡಿಗೆ ಒದ್ದೆ ಬಟ್ಟೆ ಹಾಕಬೇಕು, ಇಲ್ಲದಿದ್ದರೆ ಅನ್ನ ಬಾಚಲು ಹೋದಂತೆಲ್ಲ ತಟ್ಟೆಯೇ ಸರಿಯುತ್ತದೆ. ಅಂಚು ಎತ್ತರವಿರುವ ಸ್ಟೀಲ್ ತಟ್ಟೆ ಒಳ್ಳೆಯದು. ಅನ್ನವನ್ನು ಅಂಚಿಗೆ ಒತ್ತಿದರೆ ಸಲೀಸಾಗಿ ಬೆರಳಿಗೆ ಏರುತ್ತದೆ. ನೆಲಕ್ಕೆ ಒಂದು ಹಳೆಯ ಪಂಚೆ ಹಾಸಿದರೆ, ಊಟವಾದ ಮೇಲೆ ಕೊಡವಿ ಒಗೆಯಲು ಹಾಕಿದರಾಯಿತು.

ಆಮೇಲೆ ಅಡುಗೆಯ ಹದ. ಎಲ್ಲಕ್ಕಿಂತ ಹೆಚ್ಚು ಯೋಚಿಸಬೇಕಾದದ್ದು ಇಲ್ಲಿಯೇ. ಒಂಬತ್ತು, ಹತ್ತು ತಿಂಗಳ ಸುಮಾರಿಗೆ ಮಕ್ಕಳಿಗೆ ಹೆಬ್ಬೆರಳು ತೋರುಬೆರಳು ಸೇರಿಸಿ ಚಿಕ್ಕದನ್ನು ಎತ್ತಲು ಬರುತ್ತದೆ. ಆಗ ಮೆತ್ತಗೆ ಬೆಂದ ಕ್ಯಾರೆಟ್, ಇಡ್ಲಿಯ ಚೂರು ಕೊಟ್ಟೆವು. ಅವರೆಕಾಯಿಯ ಕಾಲ ಬಂದಾಗ ಹಿತಕಿದ ಬೇಳೆಯನ್ನು ಮೆತ್ತಗೆ ಬೇಯಿಸಿ, ಒಂದೊಂದನ್ನೂ ಬೆರಳಿನಿಂದ ಚಪ್ಪಟೆ ಮಾಡಿ ತಟ್ಟೆಯಲ್ಲಿ ಹರಡುತ್ತಿದ್ದೆ. ಅವಳು ತದೇಕಚಿತ್ತದಿಂದ ಹೆಕ್ಕುತ್ತಿದ್ದಳು. ಸಾರನ್ನಕ್ಕೆ ಅವಸರ ಮಾಡಬಾರದು, ಅದು ಬೆರಳ ಸಂದಿಯಿಂದ ಜಾರಿಹೋಗುತ್ತದೆ. ಮೊದಲು ಮೊಸರನ್ನ: ಅನ್ನವನ್ನು ಬಿಸಿಯಿರುವಾಗಲೇ ಹಿಸುಕಿ, ಆರಿದ ಮೇಲೆ ಗಟ್ಟಿ ಮೊಸರು ಬೆರೆಸಿದರೆ ಹಿಡಿಯಲ್ಲಿ ನಿಲ್ಲುತ್ತದೆ. ಅದು ರೂಢಿಯಾದ ಮೇಲೆ ಬೇಳೆ ಹೆಚ್ಚಿರುವ ಗಟ್ಟಿ ಸಾರು, ಬರಬರುತ್ತಾ ತೆಳ್ಳಗಿನದು.

ನಮ್ಮ ಮಂಡ್ಯದ ಕಡೆಯ ಮಕ್ಕಳಿಗೆ ಮುದ್ದೆಯಂಥ ಗುರು ಇನ್ನೊಂದಿಲ್ಲ ಎಂಬುದು ನನ್ನ ನಂಬಿಕೆ. ಮುರಿಯುವುದು, ಸಾರಿಗೆ ಅದ್ದುವುದು, ಬಾಯಿಗಿಡುವುದು ಎಂದು ಮೂರು ಕೆಲಸ ಅದರಲ್ಲಿವೆ. ಮೊದಮೊದಲು ನಾನೇ ಕಡಲೆಕಾಳಿನಷ್ಟು ಮುರಿದು, ಅದ್ದಿ, ತಟ್ಟೆಯಂಚಿಗೆ ಇಡುತ್ತಿದ್ದೆ. ಅವಳು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಅದು ಸಲೀಸಾದ ಮೇಲೆ ಅದ್ದುವುದನ್ನೂ ಬಿಟ್ಟುಕೊಟ್ಟೆ. ಮುರಿಯುವುದು ಎಲ್ಲಕ್ಕಿಂತ ತಡವಾಗಿ ಬಂತು. ಹೀಗೆ ಕೊನೆಯ ಹಂತವನ್ನು ಮೊದಲು ಮಗುವಿಗೆ ಬಿಟ್ಟರೆ, ಕೆಲಸ ಮುಗಿಸಿದ ಸಂತೋಷ ಪ್ರತಿ ಸಲವೂ ಅದರದೇ ಆಗುತ್ತದೆ. ಅರ್ಧಕ್ಕೆ ಸೋತು ಅಳುವ ಪ್ರಸಂಗ ಕಡಿಮೆ.

ಅಮ್ಮನ ಕಳವಳ ಬೇರೆಯದಾಗಿತ್ತು. "ಅಲ್ಲಪ್ಪ, ಅರ್ಧ ನೆಲಕ್ಕೇ ಹೋಗುತ್ತದೆ. ಮಗು ಇಳಿದುಹೋಗಿದೆ, ನೀನೇ ನಾಲ್ಕು ತುತ್ತು ಹಾಕಬಾರದೇ?" ಅದರಲ್ಲಿ ನಿಜವಿತ್ತು. ತುಂಬ ಹಸಿದ ಮಗುವಿಗೆ ತಾಳ್ಮೆಯಿರುವುದಿಲ್ಲ. ಹಾಗಾಗಿ ಮೊದಲ ಕೆಲವು ತುತ್ತು ಅಜ್ಜಿಯ ಕೈಯಿಂದ, ಆಮೇಲೆ ಅವಳ ಕೈಯಿಂದ ಎಂದು ಮಾಡಿಕೊಂಡೆವು. ಇಳಿದುಹೋಗಿದೆ ಎಂಬ ಭಯಕ್ಕೆ ಮಾತಿನ ಸಮಾಧಾನ ಸಾಲದು. ಹುಟ್ಟಿದಾಗಿನ ತೂಕ ಒಂದು ವರ್ಷಕ್ಕೆ ಸುಮಾರು 3 ಪಟ್ಟಾಗುತ್ತದೆ, ಎರಡನೆಯ ವರ್ಷದಲ್ಲಿ ಸೇರುವುದು 2ರಿಂದ 2.5 ಕಿಲೋ ಮಾತ್ರ. ಬೆಳವಣಿಗೆ ನಿಧಾನವಾದಂತೆ ಹಸಿವೂ ತಗ್ಗುತ್ತದೆ. ಅಂಗನವಾಡಿಯಲ್ಲಿ ತೂಕ ಹಾಕಿಸಿ, ತಾಯಿ ಕಾರ್ಡಿನಲ್ಲಿ ಗೆರೆ ಮೇಲಕ್ಕೇ ಹೋಗುತ್ತಿರುವುದನ್ನು ತೋರಿಸಿದ ಮೇಲೆ ಅಮ್ಮ ನಿರಾಳವಾದರು. ಎಡಗೈ ಬಲಗೈ ಎಂಬ ತಕರಾರನ್ನೂ ಸದ್ಯಕ್ಕೆ ಕೈಬಿಟ್ಟಿದ್ದೇವೆ. ಈ ವಯಸ್ಸಿನಲ್ಲಿ ಮಕ್ಕಳು ಎರಡೂ ಕೈ ಬಳಸುತ್ತಾರೆ.

ಊಟದ ಹೊತ್ತಿಗೆ ಮೊಬೈಲ್ ತೋರಿಸುವುದಿಲ್ಲ. ಎರಡು ವರ್ಷ ತುಂಬುವ ಮೊದಲು ಪರದೆ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಸಲಹೆ ಕೊಟ್ಟಿದೆ. ನನ್ನ ಕಾರಣ ಇನ್ನೂ ಸರಳ: ಕಣ್ಣು ಪರದೆಯಲ್ಲಿದ್ದರೆ ಬಾಯಿ ತೆರೆಯುತ್ತದೆ, ಆದರೆ ಕೈ ಏನನ್ನೂ ಕಲಿಯುವುದಿಲ್ಲ.

ಒಂದು ವಿಷಯದಲ್ಲಿ ಮಾತ್ರ ಯಾರ ಮಾತಿಗೂ ಸಡಿಲ ಬಿಡುವುದಿಲ್ಲ. ಚಿತ್ರಾನ್ನ, ಅವಲಕ್ಕಿಯ ಒಗ್ಗರಣೆಗೆ ಕಡಲೆಬೀಜ ಬೀಳುವ ಮೊದಲೇ ಅವಳ ಪಾಲು ತೆಗೆದಿಡುತ್ತೇನೆ. ಇಡೀ ಕಡಲೆಬೀಜ ಶ್ವಾಸನಾಳಕ್ಕೆ ಹೋಗಿ ಪ್ರಾಣಕ್ಕೇ ಕುತ್ತು ಬರಬಹುದು. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕಾಗಿ ಸೀಳುತ್ತೇನೆ. ತಿನ್ನುವಾಗ ಓಡಾಡುವಂತಿಲ್ಲ, ಪಕ್ಕದಲ್ಲಿ ದೊಡ್ಡವರಿರಲೇಬೇಕು. ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಬೇಕು, ಬಾಯಿಗೆ ಬೆರಳು ಹಾಕಿ ತಡಕಬಾರದು. ದನಿಯೇ ಹೊರಡದಿದ್ದರೆ ತಡಮಾಡದೆ ಮುಂದಕ್ಕೆ ಬಗ್ಗಿಸಿ ಎರಡೂ ಭುಜದ ಮೂಳೆಗಳ ನಡುವೆ ಅಂಗೈಯಿಂದ ಗಟ್ಟಿಯಾಗಿ ಗುದ್ದಬೇಕು. ಮನೆಯಲ್ಲಿರುವ ಎಲ್ಲರೂ ಈ ಪ್ರಥಮ ಚಿಕಿತ್ಸೆಯನ್ನು ವೈದ್ಯರಿಂದ ನೇರವಾಗಿ ಕಲಿತಿರಬೇಕು, ನಾವು ಕಲಿತಿದ್ದೇವೆ.

ಒಳಲೆ ಬಿಡಿಸಿ ಲೋಟ ಹಿಡಿಸಿದ್ದು ಸುಲಭವಾಗಿತ್ತು. ಚಿಕ್ಕ ಸ್ಟೀಲ್ ಲೋಟದ ತಳದಲ್ಲಿ ಎರಡು ಗುಟುಕು ನೀರು ಮಾತ್ರ ಹಾಕುತ್ತಿದ್ದೆ, ಚೆಲ್ಲಿದರೂ ಅಷ್ಟೇ. ಚಡ್ಡಿಗೆ ಮುದ್ದೆಯ ದಾರಿಯನ್ನೇ ಹಿಡಿದೆ. ಸಡಿಲ ಎಲಾಸ್ಟಿಕ್ಕಿನದನ್ನು ತೊಡೆಯವರೆಗೆ ನಾನು ಏರಿಸಿದೆ, ಸೊಂಟಕ್ಕೆ ಅವಳು ಎಳೆದುಕೊಂಡಳು. ಕೆಲವು ದಿನ ಬಿಟ್ಟು ಮೊಣಕಾಲಿನಿಂದ, ಮುಂದೆ ಕಣಕಾಲಿನಿಂದ. ಹಿಂಭಾಗ ಸಿಕ್ಕಿಕೊಳ್ಳುತ್ತಿತ್ತು, ಒಂದು ಕೈ ಹಿಂದಕ್ಕೆ ಇಟ್ಟುಕೊಳ್ಳುವುದನ್ನು ನಾನು ಹಿಂದೆ ಕುಳಿತು ಅವಳ ಕೈ ಹಿಡಿದೇ ತೋರಿಸಬೇಕಾಯಿತು.

ಈಗ ಸ್ವೆಟರಿನ ದೊಡ್ಡ ಗುಂಡಿಗಳ ಸರದಿ. ಅರ್ಧ ತೂರಿಸುವುದು ನಾನು, ಆಚೆಯಿಂದ ಎಳೆಯುವುದು ಅವಳು. ಅವಳ ಕಣ್ಣಿಗೆ ಚೆನ್ನಾಗಿ ಕಾಣುವುದು ಕೆಳಗಿನ ಗುಂಡಿಯಾದ್ದರಿಂದ ಅಲ್ಲಿಂದ ಶುರುಮಾಡಿದ್ದೇವೆ. ಪೂರ್ತಿ ಬರಲು ಮೂರು ವರ್ಷವಾದರೂ ತುಂಬಬೇಕು, ಅಲ್ಲಿಯವರೆಗೆ ಅರ್ಧ ತೂರಿಸಿಕೊಡುತ್ತಿರುತ್ತೇನೆ.