ಲೌಟೋಕದ ನಮ್ಮ ಅಡುಗೆಮನೆಯಲ್ಲಿ ಮತ ಎಣಿಕೆ

ಮದುವೆಯಾಗಿ ಶಿವಮೊಗ್ಗದಿಂದ ಫಿಜಿ ದ್ವೀಪದೇಶದ ಲೌಟೋಕಕ್ಕೆ ಬಂದವಳು ನಾನು. ಶಾಲೆಯಲ್ಲಿ ಲೆಕ್ಕದ ಟೀಚರ್. ಹಾಗಾಗಿ 1999ರ ಚುನಾವಣೆಯಲ್ಲಿ ಅತ್ತೆಗೂ ಅಕ್ಕಪಕ್ಕದ ಹೆಂಗಸರಿಗೂ ಹೊಸ ಮತಪತ್ರ ಅರ್ಥ ಮಾಡಿಸುವ ಕೆಲಸ ನನ್ನ ತಲೆಗೇ ಬಿತ್ತು.

ಅತ್ತೆ ಹೊಸಬರಲ್ಲ. ಇಲ್ಲಿ ಹೆಂಗಸರಿಗೆ ಮತದ ಹಕ್ಕು ಬಂದ 1963ರಿಂದಲೇ ಹಾಕಿದವರು. 1970ರಲ್ಲಿ ಸ್ವಾತಂತ್ರ್ಯ ಬಂದಮೇಲೆ ಒಬ್ಬೊಬ್ಬರಿಗೆ 4 ಮತ. ಒಂದು ತಮ್ಮ ಜನಾಂಗದ ಕ್ಷೇತ್ರಕ್ಕೆ, ಉಳಿದ ಮೂರು ಮೂಲ ಫಿಜಿಯನ್, ಭಾರತೀಯ ಮೂಲದವರು, ಇತರರು ಅಂತ ಮೂರೂ ಕಡೆಯ ಅಭ್ಯರ್ಥಿಗಳಿಗೆ. 1987ರ ಸೈನಿಕ ದಂಗೆಯ ನಂತರ, 1990ರ ಸಂವಿಧಾನದಲ್ಲಿ ಅವರವರ ಜನಕ್ಕೆ ಮಾತ್ರ ಮತ. 70 ಸೀಟಿನಲ್ಲಿ 37 ಮೂಲ ಫಿಜಿಯನ್ನರಿಗೆ, 27 ಭಾರತೀಯರಿಗೆ.

1999ರಲ್ಲಿ ಬಂದದ್ದು 1, 2, 3 ಅಂತ ಇಷ್ಟದ ಕ್ರಮ ಬರೆಯುವ ಪದ್ಧತಿ. ನಾನು ಮೂರು ತರಕಾರಿ ನಿಲ್ಲಿಸಿದೆ. 11 ಹೆಂಗಸರು ಸ್ಟೀಲ್ ಡಬ್ಬಿಗೆ ಚೀಟಿ ಹಾಕಿದರು. ಬದನೆಗೆ 5, ಮರಗೆಣಸಿಗೆ 4, ದಾಲೋಗೆ, ಅಂದರೆ ಕೆಸುವಿನ ಗಡ್ಡೆಗೆ 2. ಯಾರಿಗೂ ಅರ್ಧ ದಾಟಲಿಲ್ಲ. ದಾಲೋ ತೆಗೆದೆ. ಆ ಎರಡೂ ಚೀಟಿಯಲ್ಲಿ ಎರಡನೇ ಇಷ್ಟ ಮರಗೆಣಸು. 6 ಆಯಿತು, ಗೆದ್ದಿತು.

"ಮುಂದಿದ್ದದ್ದು ಬದನೆ ಅಲ್ವಾ? ಇದು ಮೋಸ," ಅಂದರು ಅತ್ತೆ. ಬದನೆ ಅವರದೇ!

ಆದರೆ ನಿಜವಾದ ಮತಪತ್ರದಲ್ಲಿ ನಡುವೆ ಒಂದು ಗೆರೆ. ಗೆರೆಯ ಮೇಲೆ ಪಕ್ಷದ ಚಿಹ್ನೆಗೆ ಒಂದು ಗುರುತು ಹಾಕಿದರೆ ಸಾಕು, ಮುಂದಿನ ಕ್ರಮ ಪಕ್ಷವೇ ಕೊಟ್ಟದ್ದು. ಕೆಳಗೆ ಬರೆಯುವವರು ಮುಕ್ಕಾಲು ಪಾಲು ಅಭ್ಯರ್ಥಿಗಳಿಗಾದರೂ ಸಂಖ್ಯೆ ಕೊಡಬೇಕು. ನನ್ನ 11 ಶಿಷ್ಯೆಯರೂ ಸುಮ್ನೆ ಮೇಲೆ ಗುರುತು ಹಾಕಿ ಬಂದರು.

2014ರದು ಬೇರೆಯೇ ಕಥೆ. ಜನಾಂಗದ ಸೀಟು ಹೋಯಿತು. ಇಡೀ ದೇಶ ಒಂದೇ ಕ್ಷೇತ್ರ, 50 ಸೀಟು, ಒಬ್ಬರಿಗೆ ಒಂದೇ ಮತ. ಕಾಗದದಲ್ಲಿ ಹೆಸರಿಲ್ಲ, ಫೋಟೋ ಇಲ್ಲ, ಚಿಹ್ನೆ ಇಲ್ಲ. ಬರೀ ಮೂರಂಕಿಯ ಸಂಖ್ಯೆಗಳ ಚೌಕಗಳು. ಆಗಿನ ಪ್ರಧಾನಿ ಬೈನಿಮರಾಮ ಅವರದು 279. ಅವರೊಬ್ಬರಿಗೇ 2 ಲಕ್ಷ ದಾಟಿ ಮತ ಬಿತ್ತು. ಪಕ್ಷದ ಒಟ್ಟು ಮತಕ್ಕೆ ತಕ್ಕ ಹಾಗೆ ಸೀಟು ಹಂಚುವುದರಿಂದ, ತಮಗೆ ಅಷ್ಟೇನೂ ಮತ ಬೀಳದ ಜೊತೆಗಾರರೂ ಒಳಗೆ ಹೋದರು. ನನ್ನ ದೃಷ್ಟಿಯಲ್ಲಿ ಆ ಬದನೆಗೆ ಆದದ್ದಕ್ಕಿಂತ ಇದೇ ಜಾಸ್ತಿ ವಿಚಿತ್ರ.

ಚೀಟಿ ಬರೆದು ಒಳಗೆ ಒಯ್ಯುವಂತಿರಲಿಲ್ಲ. ಅತ್ತೆಗೆ ಕಣ್ಣು ಮಂಜು. ಕ್ಯಾಲೆಂಡರ್ ಹಿಂದೆ ದಪ್ಪಗೆ ಚೌಕ ಬರೆದೆ. ರೋಟಿ ಲಟ್ಟಿಸುತ್ತಾ ಸಂಖ್ಯೆ ಹೇಳಿಸಿದೆ, ಚೌಕದ ಮೇಲೆ ಬೆರಳಿಡಿಸಿದೆ. ಮೂರು ದಿನ ಇದೇ.

"ಆಗ ನಾಲ್ಕು ಮತ ಇತ್ತು," ಅಂದರು ಅತ್ತೆ. "ಈಗ ಒಂದು ಲಾಟರಿ ನಂಬರ್."

ಬೂತಿನಿಂದ ಹೊರಗೆ ಬಂದವರು ಆ ನಂಬರನ್ನು ಬೀದಿಗೆಲ್ಲ ಕೇಳುವ ಹಾಗೆ ನನಗೆ ಒಪ್ಪಿಸಿದರು.