ದೊಡ್ಡ ಪ್ಲಾನ್‌ಗಿಂತ ಮೊದಲು ಸರಿಯಾದ ಕಿಟಕಿ: ಜರ್ಮನಿಯ ಮನೆಯಲ್ಲಿ ಸಿಮ್ ಹಾಕಿದ ರೂಟರ್

ಬಾಡಿಗೆ ಮನೆ ಸಿಕ್ಕಿತು, ಬೀಗದ ಕೈ ಬಂತು, ಆನ್‌ಮೆಲ್ಡುಂಗ್ (ಸರ್ಕಾರಿ ಕಚೇರಿಯಲ್ಲಿ ವಿಳಾಸ ನೋಂದಣಿ) ಕೂಡ ಮುಗಿಯಿತು. ಆದರೆ ಇಂಟರ್ನೆಟ್ ಲೈನ್ ಹಾಕಲು ಟೆಕ್ನೀಷಿಯನ್ ಬರುವುದು ಇನ್ನೂ ಮೂರು ವಾರಕ್ಕೆ. ಜರ್ಮನಿಗೆ ಹೊಸದಾಗಿ ಬಂದ ಬಹಳ ಜನ ಆ ಮೂರು ವಾರವನ್ನು ಫೋನಿನ ಹಾಟ್‌ಸ್ಪಾಟ್‌ನಲ್ಲೇ ತಳ್ಳುತ್ತಾರೆ. ಯಜಮಾನರು ಫೋನ್ ಜೇಬಿಗೆ ಹಾಕಿಕೊಂಡು ತರಕಾರಿ ತರಲು ಹೋದರೆ ಮನೆಯವರ ಇಂಟರ್ನೆಟ್ಟೂ ಅವರ ಜೊತೆಗೇ ಹೋಗುತ್ತದೆ. ನಾನೂ ಹಾಗೇ ಮಾಡಿದ್ದೆ. ಆಮೇಲೆ ಸಿಮ್ಮನ್ನೇ ರೂಟರ್‌ಗೆ ಹಾಕುವುದನ್ನು ಕಲಿತೆ. ಈಗ ಮನೆ ಬದಲಾಯಿಸುವ ಗೆಳೆಯರಿಗೆಲ್ಲ ನಾನು ಮೊದಲು ಹೇಳುವುದು ಇದನ್ನೇ.

ಸುಮಾರು ಜನರಿಗೆ ಇರುವ ಒಂದು ಭಯವನ್ನು ಮೊದಲು ತೆಗೆದುಬಿಡೋಣ. "ಫೋನಿಗೆ ಅಂತ ತಗೊಂಡ ಸಿಮ್ಮನ್ನು ರೂಟರ್‌ಗೆ ಹಾಕಿದರೆ ಕಂಪನಿಯವರು ಬಂದ್ ಮಾಡ್ತಾರಂತೆ ಅಲ್ವಾ?" ಮೊದಲು ಕೆಲವು ಕಂಪನಿಗಳ ಒಪ್ಪಂದದಲ್ಲಿ ಅಂಥ ನಿಯಮ ಇದ್ದದ್ದು ನಿಜ. ಫೋನ್, ಟ್ಯಾಬ್ಲೆಟ್‌ನಲ್ಲಿ ಬಳಸಬಹುದು, ಕರೆಂಟ್ ಪ್ಲಗ್ಗಿಗೆ ಸಿಕ್ಕಿಸುವ ರೂಟರ್‌ನಲ್ಲಿ ಬಳಸಬಾರದು ಎಂದು. ಗ್ರಾಹಕರ ಒಕ್ಕೂಟ ಇದರ ಮೇಲೆ ಕೇಸು ಹಾಕಿತು. 2023ರ ಮೇ 4ರಂದು ಕಾರ್ಲ್ಸ್‌ರೂಹೆಯ ಫೆಡರಲ್ ಕೋರ್ಟ್ ಆ ನಿಯಮ ಊರ್ಜಿತವಲ್ಲ ಎಂದು ತೀರ್ಪು ಕೊಟ್ಟಿತು. ಇಂಟರ್ನೆಟ್ಟಿಗೆ ದುಡ್ಡು ಕೊಟ್ಟವರು ಅದನ್ನು ಯಾವ ಸಾಧನದಲ್ಲಿ ಬಳಸಬೇಕು ಎಂಬುದು ಅವರಿಗೇ ಬಿಟ್ಟದ್ದು. 2015ರ ಯುರೋಪಿಯನ್ ಒಕ್ಕೂಟದ ಕಾಯ್ದೆಯಲ್ಲೇ ಈ ಹಕ್ಕು ಇದೆ. ಲೈನ್ ಇಂಟರ್ನೆಟ್ಟಿಗೂ ಅಷ್ಟೇ. 2016ರ ಆಗಸ್ಟ್ 1ರಿಂದ ಕಂಪನಿ ಕೊಟ್ಟ ರೂಟರನ್ನೇ ಇಟ್ಟುಕೊಳ್ಳಬೇಕು ಎಂಬ ಕಡ್ಡಾಯ ಇಲ್ಲ. ಒಂದನ್ನು ಮಾತ್ರ ಗಮನಿಸಿ: "ಮನೆಗೆ" ಎಂದೇ ಮಾರುವ ಕೆಲವು ಸಿಮ್ ಪ್ಲಾನ್‌ಗಳು ಒಂದೇ ವಿಳಾಸಕ್ಕೆ ಕಟ್ಟಿರುತ್ತವೆ. ಮನೆ ಬದಲಾಯಿಸುವ ಅಂದಾಜಿದ್ದರೆ ಅದನ್ನು ಮೊದಲೇ ಕೇಳಿಕೊಳ್ಳಿ.

ಇನ್ನು ಸಿಮ್. ಇಲ್ಲಿ ಮೂರು ದೊಡ್ಡ ನೆಟ್‌ವರ್ಕ್‌ಗಳಿವೆ: ಟೆಲಿಕಾಮ್, ವೊಡಾಫೋನ್, ಓ-ಟು. ಅಂಗಡಿಗಳಲ್ಲಿ ಸಿಗುವ ಬೇರೆ ಹೆಸರಿನ ಸಿಮ್‌ಗಳು ಹೆಚ್ಚಾಗಿ ಇವುಗಳ ಮೇಲೆಯೇ ಓಡುತ್ತವೆ. ಆಲ್ಡಿ ಟಾಕ್ ಓ-ಟು ನೆಟ್‌ವರ್ಕ್‌ನದು, ಲಿಡ್ಲ್ ಕನೆಕ್ಟ್ ವೊಡಾಫೋನ್‌ನದು, ಕಾಂಗ್‌ಸ್ಟಾರ್ ಟೆಲಿಕಾಮ್‌ನದು. ಇದು ಗೊತ್ತಿದ್ದರೆ ಒಂದು ಉಪಯೋಗ ಇದೆ. ಮೂರೂ ನೆಟ್‌ವರ್ಕ್‌ನ ಅಗ್ಗದ ಪ್ರೀಪೇಯ್ಡ್ ಸಿಮ್ ತಂದು, ನಿಮ್ಮ ಮನೆಯೊಳಗೆ ಯಾವುದು ಚೆನ್ನಾಗಿ ಹಿಡಿಯುತ್ತದೆ ಎಂದು ನೋಡಿ, ಆಮೇಲೆ ದೊಡ್ಡ ಪ್ಲಾನ್ ತೆಗೆದುಕೊಳ್ಳಬಹುದು. ಪಕ್ಕದ ಬೀದಿಯ ಗೆಳೆಯನ ಮಾತು ಕೇಳಿ ಎರಡು ವರ್ಷದ ಕಾಂಟ್ರಾಕ್ಟ್‌ಗೆ ಸಹಿ ಹಾಕಬೇಡಿ. ಪಕ್ಕದ ಬೀದಿಯಲ್ಲಿ ಬರುವ ಸಿಗ್ನಲ್ ನಿಮ್ಮ ಅಡುಗೆಮನೆಯಲ್ಲಿ ಬರಬೇಕೆಂದೇನೂ ಇಲ್ಲ.

ಹೊಸಬರಿಗೆ ಕಾಂಟ್ರಾಕ್ಟ್ ಸಿಗದೆಯೂ ಹೋಗಬಹುದು. ಕಂಪನಿಗಳು ಶೂಫಾದಲ್ಲಿ, ಅಂದರೆ ಜನರ ಸಾಲ-ಪಾವತಿಯ ದಾಖಲೆ ಇಡುವ ಸಂಸ್ಥೆಯಲ್ಲಿ, ನಿಮ್ಮ ಹಣದ ಲೆಕ್ಕಾಚಾರ ನೋಡುತ್ತವೆ. ಬಂದು ಎರಡು ತಿಂಗಳಾದವರ ಬಗ್ಗೆ ಅಲ್ಲಿ ಹೆಚ್ಚೇನೂ ಇರುವುದಿಲ್ಲ. ಹಾಗಾದಾಗ ಬೇಜಾರು ಮಾಡಿಕೊಳ್ಳಬೇಡಿ, ಪ್ರೀಪೇಯ್ಡ್‌ಗೆ ಹೋಗಿ. 2017ರ ಜುಲೈ 1ರಿಂದ ಪ್ರೀಪೇಯ್ಡ್ ಸಿಮ್‌ಗೂ ಗುರುತು ತೋರಿಸಲೇಬೇಕು. ವಿಡಿಯೊ ಕಾಲ್‌ನಲ್ಲಿ ತೋರಿಸಬಹುದು, ಇಲ್ಲವೇ ಅಂಚೆ ಕಚೇರಿಗೆ ಹೋಗಿ ಪೋಸ್ಟ್‌ಇಡೆಂಟ್ ಎಂಬ ಗುರುತಿನ ಪರಿಶೀಲನೆ ಮಾಡಿಸಬಹುದು. ನಮ್ಮ ಪಾಸ್‌ಪೋರ್ಟ್‌ನಲ್ಲಿ ಜರ್ಮನಿಯ ವಿಳಾಸ ಇರುವುದಿಲ್ಲವಲ್ಲ, ಹಾಗಾಗಿ ಆನ್‌ಮೆಲ್ಡುಂಗ್ ಕಾಗದವನ್ನೂ ಜೊತೆಗೆ ಇಟ್ಟುಕೊಳ್ಳಿ. ಪ್ರೀಪೇಯ್ಡ್ ಪ್ಲಾನ್‌ಗಳು ಸಾಮಾನ್ಯವಾಗಿ ನಾಲ್ಕು ವಾರದವು, ತಿಂಗಳಿನವಲ್ಲ. ವರ್ಷಕ್ಕೆ 12 ಸಲ ಅಲ್ಲ, 13 ಸಲ ದುಡ್ಡು ಹೋಗುತ್ತದೆ. ಬೆಲೆ ಹೋಲಿಸುವಾಗ ಇದನ್ನು ಲೆಕ್ಕಕ್ಕೆ ತಗೊಳ್ಳಿ.

ಕಾಂಟ್ರಾಕ್ಟೇ ಬೇಕೆಂದರೆ, ಸಹಿಗೆ ಮೊದಲು ಫೆರ್‌ಟ್ರಾಗ್ಸ್‌ತ್ಸುಸಾಮೆನ್‌ಫಾಸುಂಗ್ ಎಂಬ ಚಿಕ್ಕ ಕಾಗದವನ್ನು ಕೇಳಿ ಪಡೆಯಿರಿ. ಒಪ್ಪಂದದ ಸಾರಾಂಶ ಅದು, ಕೊಡಲೇಬೇಕೆಂದು ಕಾನೂನಿದೆ. ಮೊದಲ ಅವಧಿ 24 ತಿಂಗಳಿಗಿಂತ ಜಾಸ್ತಿ ಇರುವಂತಿಲ್ಲ. 2021ರ ಡಿಸೆಂಬರ್‌ನಲ್ಲಿ ಬಂದ ಕಾನೂನಿನ ಪ್ರಕಾರ, ಆ ಅವಧಿ ಮುಗಿದ ಮೇಲೆ ಒಂದು ತಿಂಗಳ ನೋಟಿಸ್ ಕೊಟ್ಟು ಯಾವಾಗ ಬೇಕಾದರೂ ಬಿಡಬಹುದು. ಆನ್‌ಲೈನ್‌ನಲ್ಲಿ ತಗೊಂಡಿದ್ದರೆ 14 ದಿನದೊಳಗೆ ಕಾರಣ ಹೇಳದೆ ವಾಪಸ್ ಮಾಡುವ ಹಕ್ಕೂ ಇದೆ. ಆ 14 ದಿನಗಳನ್ನು ಸುಮ್ನೆ ಕಳೆಯಬೇಡಿ. ಬೆಳಿಗ್ಗೆ ಏಳಕ್ಕೆ ಒಮ್ಮೆ, ರಾತ್ರಿ ಒಂಬತ್ತಕ್ಕೆ ಒಮ್ಮೆ ವೇಗ ನೋಡಿ ಬರೆದಿಡಿ. ಟವರ್ ಎಲ್ಲರಿಗೂ ಸೇರಿದ್ದು. ಸಂಜೆ ಎಲ್ಲರೂ ಮನೆಗೆ ಬಂದ ಮೇಲೆ ಎಷ್ಟು ಉಳಿಯುತ್ತದೋ ಅದೇ ನಿಮ್ಮ ನಿಜವಾದ ವೇಗ.

ಸಾಧನ ಎರಡು ಥರ. ಒಂದು, ಸಿಮ್ ಹಾಕುವ ಜಾಗ ಇರುವ ರೂಟರ್. ಇನ್ನೊಂದು, ಈಗಿರುವ ರೂಟರ್‌ನ ಯುಎಸ್‌ಬಿ ಕಿಂಡಿಗೆ ಸಿಕ್ಕಿಸುವ ಡಾಂಗಲ್. ಊರಿಂದ ತಂದ ಹಳೇ ಡಾಂಗಲ್ ಪೆಟ್ಟಿಗೆಯಲ್ಲಿ ಇದೆ ಎಂದರೆ ಅದನ್ನು ನಂಬುವ ಮೊದಲು ಎರಡು ವಿಷಯ ನೋಡಿ. ಅದು ಬರೀ 3ಜಿ ಆಗಿದ್ದರೆ ಇಲ್ಲಿ ಕೆಲಸಕ್ಕೆ ಬಾರದು. 2021ರಲ್ಲೇ ಮೂರೂ ಕಂಪನಿಗಳು 3ಜಿ ಮುಚ್ಚಿವೆ. 4ಜಿ ಆಗಿದ್ದರೆ ಬ್ಯಾಂಡ್ ನೋಡಿ, ಅಂದರೆ ಅದು ಯಾವ ಯಾವ ರೇಡಿಯೊ ತರಂಗ ಹಿಡಿಯುತ್ತದೆ ಎಂದು. ಇಲ್ಲಿ ದೂರಕ್ಕೆ, ಗೋಡೆಯೊಳಕ್ಕೆ ಬರುವುದು ಬ್ಯಾಂಡ್ 20 ಮತ್ತು 28, ಅಂದರೆ 800 ಮತ್ತು 700 ಮೆಗಾಹರ್ಟ್ಜ್. ಊರಲ್ಲಿ ಬಹಳ ಬಳಕೆಯಲ್ಲಿರುವ ಬ್ಯಾಂಡ್ 40 ಇಲ್ಲಿನ ಮೊಬೈಲ್ ನೆಟ್‌ವರ್ಕ್‌ಗಳಲ್ಲಿ ಇಲ್ಲ. ಬ್ಯಾಂಡ್ 20 ಇಲ್ಲದ ಡಾಂಗಲ್ ನಗರದ ನಡುವೆ ಹೇಗೋ ನಡೆದೀತು, ಹಳ್ಳಿ ಕಡೆಯ ಮನೆಯಲ್ಲಿ ಕೈಕೊಡುತ್ತದೆ. ಬ್ಯಾಂಡ್ 3 ಮತ್ತು 7 ದೂರ ಬರುವುದಿಲ್ಲ, ಆದರೆ ಅಗಲವಾದ ರಸ್ತೆ ಇದ್ದಂತೆ, ಜನ ಜಾಸ್ತಿ ಇದ್ದರೂ ತಡೆಯುತ್ತವೆ. ಸೆಕೆಂಡ್‌ಹ್ಯಾಂಡ್ ರೂಟರ್ ಕೊಳ್ಳುವಾಗ ಸಿಮ್‌ಲಾಕ್ (ಒಂದೇ ಕಂಪನಿಯ ಸಿಮ್ ಮಾತ್ರ ಹಿಡಿಯುವ ಬೀಗ) ಇಲ್ಲ ತಾನೆ ಎಂದು ಕೇಳಲು ಮರೆಯಬೇಡಿ.

ಇಲ್ಲಿನ ಮನೆಗಳಲ್ಲಿ ಜಾಸ್ತಿ ಕಾಣುವುದು ಫ್ರಿಟ್ಸ್‌ಬಾಕ್ಸ್ ಎಂಬ ರೂಟರ್, ಅದರದ್ದೇ ಹೇಳುತ್ತೇನೆ. ಡಾಂಗಲ್‌ಗೆ ಹಾಕುವ ಮೊದಲು ಸಿಮ್ಮನ್ನು ಒಮ್ಮೆ ಫೋನಿಗೆ ಹಾಕಿ. ಆ್ಯಕ್ಟಿವೇಟ್ ಆಗಿದೆಯೇ, ಡೇಟಾ ಓಡುತ್ತಿದೆಯೇ ನೋಡಿ. ನಾಲ್ಕು ಅಂಕಿಯ ಪಿನ್ ಬರೆದಿಟ್ಟುಕೊಳ್ಳಿ. ಮೂರು ಸಲ ತಪ್ಪು ಪಿನ್ ಹೊಡೆದರೆ ಸಿಮ್ ಲಾಕ್ ಆಗುತ್ತದೆ, ಆಮೇಲೆ ಎಂಟು ಅಂಕಿಯ ಪಿಯುಕೆ ಹುಡುಕಬೇಕು. ಈಗ ಡಾಂಗಲ್ ಸಿಕ್ಕಿಸಿ, ಬ್ರೌಸರ್‌ನಲ್ಲಿ 192.168.178.1 ಹೊಡೆಯಿರಿ. ಇಂಟರ್ನೆಟ್ ಎಂಬುದರ ಒಳಗೆ ಮೊಬಿಲ್‌ಫುಂಕ್ (ಮೊಬೈಲ್ ನೆಟ್‌ವರ್ಕ್) ಎಂಬ ಪುಟ ಇರುತ್ತದೆ. ಕಾಣದಿದ್ದರೆ ಡಾಂಗಲ್ ಇನ್ನೂ ಎದ್ದಿಲ್ಲ ಎಂದರ್ಥ, ಒಂದೆರಡು ನಿಮಿಷ ಬಿಟ್ಟು ಮತ್ತೆ ನೋಡಿ. ಅಲ್ಲಿ ಮೊಬೈಲ್ ಇಂಟರ್ನೆಟ್ ಆನ್ ಮಾಡಿ, ಪಿನ್ ಹಾಕಿ, ಕಂಪನಿ ಆರಿಸಿ.

ಕಂಪನಿಯ ಹೆಸರು ಪಟ್ಟಿಯಲ್ಲಿ ಇಲ್ಲದಿದ್ದರೆ ಎಪಿಎನ್ ಅನ್ನು, ಅಂದರೆ ಆ ಕಂಪನಿಯ ಇಂಟರ್ನೆಟ್ಟಿಗೆ ಸೇರಿಸುವ ಹೆಸರನ್ನು, ಕೈಯಲ್ಲೇ ತುಂಬಬೇಕು. ಟೆಲಿಕಾಮ್‌ಗೆ "ಇಂಟರ್ನೆಟ್ ಡಾಟ್ ಟೆಲಿಕಾಮ್". ಜರ್ಮನ್ ಕಾಗುಣಿತ, ಸಿ ಬದಲು ಕೆ ಬರುತ್ತದೆ, ಬಹಳ ಜನ ತಪ್ಪುವುದು ಇಲ್ಲೇ. ವೊಡಾಫೋನ್‌ಗೆ "ವೆಬ್ ಡಾಟ್ ವೊಡಾಫೋನ್ ಡಾಟ್ ಡಿಇ". ಓ-ಟು ಕಾಂಟ್ರಾಕ್ಟ್ ಸಿಮ್‌ಗೆ ಬರೀ "ಇಂಟರ್ನೆಟ್". ಬೇರೆ ಹೆಸರಿನ ಸಿಮ್ ಆದರೆ ಫೋನಿನ ಸೆಟ್ಟಿಂಗ್ಸ್‌ನಲ್ಲಿ ತಾನಾಗಿ ಬಂದಿರುವ ಎಪಿಎನ್ ನೋಡಿ ಅದನ್ನೇ ಇಲ್ಲಿ ಬರೆಯಿರಿ. ಡಾಂಗಲ್ ಇಲ್ಲದಿದ್ದರೂ ಪರವಾಗಿಲ್ಲ. ಹಳೇ ಆಂಡ್ರಾಯ್ಡ್ ಫೋನನ್ನು ಕೇಬಲ್‌ನಲ್ಲಿ ಫ್ರಿಟ್ಸ್‌ಬಾಕ್ಸ್‌ಗೆ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೂ ಕೆಲಸ ಆಗುತ್ತದೆ.

ಇಷ್ಟು ಅರ್ಧ ಗಂಟೆಯ ಕೆಲಸ. ಸಮಯ ಕೊಡಬೇಕಾದದ್ದು ರೂಟರ್ ಎಲ್ಲಿಡಬೇಕು ಎಂಬುದಕ್ಕೆ.

ನಾನು ಮೊದಲು ನಡುಮನೆಯ ಕಪಾಟಿನ ಮೇಲೆ ಇಟ್ಟಿದ್ದೆ. ಅಲ್ಲಿದ್ದರೆ ವೈಫೈ ಎಲ್ಲ ಕೋಣೆಗೂ ಸಮ ಬರುತ್ತದೆ ಎಂದು. ಆದರೆ ವಿಡಿಯೊ ಮೀಟಿಂಗ್‌ನಲ್ಲಿ ಮಾತು ತುಂಡಾಗುತ್ತಿತ್ತು. ರೂಟರ್‌ನ ಸಿಗ್ನಲ್ ಪುಟ ತೆರೆದು ನೋಡಿದರೆ ಆರ್‌ಎಸ್‌ಆರ್‌ಪಿ ಮೈನಸ್ 112. ಈ ಸಂಖ್ಯೆಯೇ ಟವರಿನಿಂದ ಬರುವ ಬಲ. ಮೈನಸ್ 80ರ ಹತ್ತಿರ ಇದ್ದರೆ ತುಂಬಾ ಚೆನ್ನಾಗಿದೆ, ಮೈನಸ್ 100ರವರೆಗೆ ನಡೆಯುತ್ತದೆ, ಮೈನಸ್ 110 ದಾಟಿದರೆ ಕಷ್ಟ. ಪ್ರತಿ 10ಕ್ಕೆ ಬಲ ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಲ್ಯಾಪ್‌ಟಾಪ್ ಒಂದು ಕೈಯಲ್ಲಿ, ರೂಟರ್ ಇನ್ನೊಂದು ಕೈಯಲ್ಲಿ, ಉದ್ದ ಎಕ್ಸ್‌ಟೆನ್ಷನ್ ವೈರ್ ಎಳೆದುಕೊಂಡು ಮನೆಯೆಲ್ಲ ಸುತ್ತಿದೆ. ಮಲಗುವ ಕೋಣೆಯಲ್ಲಿ ಮೈನಸ್ 108. ಅಡುಗೆಮನೆ ಕಿಟಕಿಯ ಹಲಗೆ ಮೇಲೆ 97. ಕಿಟಕಿಯನ್ನು ಸ್ವಲ್ಪ ಓರೆ ತೆರೆದರೆ 91! ಗಾಜೇ ಅಷ್ಟನ್ನು ನುಂಗುತ್ತಿತ್ತು. ಇಲ್ಲಿನ ಹೊಸ ಕಿಟಕಿಗಳಲ್ಲಿ ಎರಡು ಮೂರು ಪದರ ಗಾಜು, ಶಾಖ ಹೊರಹೋಗದಿರಲು ಅದರ ಮೇಲೆ ಕಣ್ಣಿಗೆ ಕಾಣದ ಲೋಹದ ಲೇಪ. ಆ ಲೇಪ ಮೊಬೈಲ್ ಸಿಗ್ನಲ್ಲನ್ನೂ ತಡೆಯುತ್ತದೆ.

ಅಡುಗೆಮನೆಗೆ ಹಾಕಿದ ಮೇಲೆ ಹಗಲೆಲ್ಲ ಚೆನ್ನಾಗಿತ್ತು. ಆದರೆ ಸಂಜೆ ಕತ್ತಲಾಗುತ್ತಿದ್ದಂತೆ ದಿನವೂ ನಿಧಾನ. ಟವರ್ ಮೇಲೆ ಜನ ಜಾಸ್ತಿ ಎಂದುಕೊಂಡೆ. ಒಂದು ದಿನ ಸಿಗ್ನಲ್ ಪುಟ ತೆರೆದೇ ಇತ್ತು, ಮನೆಯವಳು ರೋಲ್‌ಲಾಡೆನ್ ಇಳಿಸಿದಳು. ಅದು ಕಿಟಕಿಯ ಹೊರಗೆ ಉರುಳಿ ಬರುವ ಅಲ್ಯೂಮಿನಿಯಂ ಪರದೆ. ಇಳಿಯುತ್ತಿದ್ದ ಹಾಗೇ ಸಂಖ್ಯೆ ನನ್ನ ಕಣ್ಣೆದುರೇ 97ರಿಂದ 109ಕ್ಕೆ ಹೋಯಿತು. ಅಂದಿನಿಂದ ಅಡುಗೆಮನೆಯ ಪರದೆಯನ್ನು ಅರ್ಧಕ್ಕೇ ನಿಲ್ಲಿಸುತ್ತೇವೆ. ದೊಡ್ಡ ಪ್ಲಾನ್‌ಗೆ ಬದಲಾಯಿಸಲು ಹೊರಟಿದ್ದೆ, ಆ ದುಡ್ಡು ಉಳಿಯಿತು.

ಇನ್ನೊಂದು ಸಂಖ್ಯೆ ಎಸ್‌ಐಎನ್‌ಆರ್. ಗದ್ದಲದ ನಡುವೆ ಟವರಿನ ಮಾತು ಎಷ್ಟು ಸ್ಪಷ್ಟವಾಗಿ ಕೇಳುತ್ತದೆ ಎಂಬುದು. 20 ಇದ್ದರೆ ಬಹಳ ಒಳ್ಳೆಯದು, ಸೊನ್ನೆಗಿಂತ ಕೆಳಗೆ ಹೋದರೆ ಬಲ ಎಷ್ಟಿದ್ದರೂ ವೇಗ ಬರುವುದಿಲ್ಲ. ಫೋನಿನ ಮೇಲಿನ ಗೆರೆಗಳನ್ನು ನಂಬಿ ಜಾಗ ಆರಿಸಬೇಡಿ.

ಯಾವ ಕಿಟಕಿ ಎಂದು ಮೊದಲೇ ಅಂದಾಜು ಮಾಡಲು ಒಂದು ಒಳ್ಳೆಯ ಸರ್ಕಾರಿ ಸೌಲಭ್ಯ ಇದೆ, ಬಹಳ ಜನರಿಗೆ ಗೊತ್ತಿಲ್ಲ. ಬುಂಡೆಸ್‌ನೆಟ್ಸ್‌ಆಗೆಂಟೂರ್, ಅಂದರೆ ಇಲ್ಲಿನ ಟೆಲಿಕಾಂ ನಿಯಂತ್ರಣ ಇಲಾಖೆ, ಇಎಂಎಫ್ ಕಾರ್ಟೆ ಎಂಬ ನಕ್ಷೆಯನ್ನು ಎಲ್ಲರಿಗೂ ತೆರೆದಿಟ್ಟಿದೆ. ನಿಮ್ಮ ಬೀದಿಯ ಸುತ್ತ ಟವರ್ ಎಲ್ಲೆಲ್ಲಿವೆ, ಆ್ಯಂಟೆನಾ ಎಷ್ಟು ಎತ್ತರದಲ್ಲಿದೆ, ಯಾವ ದಿಕ್ಕಿಗೆ ಮುಖ ಮಾಡಿದೆ ಎಂಬುದೆಲ್ಲ ಅದರಲ್ಲಿದೆ. ಯಾವ ಕಂಪನಿಯದು ಎಂದು ಮಾತ್ರ ಬರೆದಿರುವುದಿಲ್ಲ. ಆ ದಿಕ್ಕಿನ ಕಿಟಕಿಯಿಂದ ಹುಡುಕಾಟ ಶುರು ಮಾಡಿ. ಹೊರಗೆ ಆ್ಯಂಟೆನಾ ಹಾಕುವ ಆಸೆ ಇದ್ದರೆ ಬಾಡಿಗೆ ಮನೆಯ ಗೋಡೆ ಕೊರೆಯಬೇಡಿ, ಮಾಲೀಕರ ಒಪ್ಪಿಗೆ ಬೇಕು. ಕಿಟಕಿ ಸಂದಿಯಲ್ಲಿ ಹಾಯಿಸುವ ಚಪ್ಪಟೆ ಕೇಬಲ್ ಸಿಗುತ್ತದೆ. ಕೇಬಲ್ ಚಿಕ್ಕದಿರಲಿ, ಉದ್ದವಾದಷ್ಟೂ ಸಿಗ್ನಲ್ ಅದರಲ್ಲೇ ಸೋರಿಹೋಗುತ್ತದೆ.

ಆಫೀಸಿನ ವಿಪಿಎನ್ ಹೆಚ್ಚಾಗಿ ತೊಂದರೆ ಕೊಡುವುದಿಲ್ಲ. ಆದರೆ ಊರಿಗೆ ಹೋದಾಗ ಹೊರಗಿನಿಂದ ಮನೆಯ ಕ್ಯಾಮೆರಾಗೋ ಹಾರ್ಡ್‌ಡಿಸ್ಕ್‌ಗೋ ನೇರವಾಗಿ ಬರಬೇಕು ಎಂದರೆ ಕಷ್ಟ. ಮೊಬೈಲ್ ಸಿಮ್‌ಗಳಲ್ಲಿ ಬಹಳಷ್ಟು ಗ್ರಾಹಕರಿಗೆ ಸೇರಿ ಒಂದೇ ಐಪಿ ವಿಳಾಸ ಇರುತ್ತದೆ, ಪೋರ್ಟ್ ತೆರೆದರೂ ಒಳಗೆ ಬರಲು ಆಗುವುದಿಲ್ಲ. ಡೇಟಾ ಮಿತಿ ಇರುವ ಪ್ಲಾನ್ ಆದರೆ ಟಿವಿಯನ್ನು ಗಮನಿಸಿ. ಎಚ್‌ಡಿ ಸಿನಿಮಾ ಗಂಟೆಗೆ ಸುಮಾರು 3 ಜಿಬಿ ತಿನ್ನುತ್ತದೆ.

ಕೊನೆಗೆ ಟೆಕ್ನೀಷಿಯನ್ ಬರುವ ದಿನದ ಮಾತು. ಕೆಳಗಿನ ಬಾಗಿಲ ಬೆಲ್ಲಿನ ಪಕ್ಕ ನಿಮ್ಮ ಹೆಸರು ಇದೆಯೇ ನೋಡಿ. ಹೆಸರಿಲ್ಲದಿದ್ದರೆ ಅವರು ಹುಡುಕಿ ಸುಸ್ತಾಗಿ ಹೋಗಿಬಿಡುತ್ತಾರೆ, ಮತ್ತೆ ವಾರಗಟ್ಟಲೆ ಕಾಯಬೇಕು. ಇನ್ನೂ ಹಳೇ ಬಾಡಿಗೆದಾರರ ಹೆಸರೇ ಇದ್ದರೆ ಕಾಗದದಲ್ಲಿ ಬರೆದಾದರೂ ಅಂಟಿಸಿ. ನೀವು ಮನೆಯಲ್ಲೇ ಇದ್ದು ಅವರೇ ಬರದಿದ್ದರೆ ಪರಿಹಾರ ಕೇಳುವ ಹಕ್ಕು ನಿಮಗಿದೆ: 10 ಯೂರೊ, ಅಥವಾ ತಿಂಗಳ ಬಿಲ್ಲಿನ 20 ಶೇಕಡಾ, ಯಾವುದು ಜಾಸ್ತಿಯೋ ಅದು. ಕೇಳಿ, ಸಂಕೋಚ ಬೇಡ.

ಲೈನ್ ಬಂದ ಮೇಲೆ ಡಾಂಗಲ್ ಬಿಸಾಡಬೇಡಿ. ಫ್ರಿಟ್ಸ್‌ಬಾಕ್ಸ್‌ನ ಹೊಸ ಸಾಫ್ಟ್‌ವೇರ್‌ನಲ್ಲಿ ಔಸ್‌ಫಾಲ್‌ಶುಟ್ಸ್ ಎಂಬ ಸೌಲಭ್ಯ ಇದೆ. ಲೈನ್ ಕೆಟ್ಟಾಗ ತಾನಾಗಿ ಮೊಬೈಲ್‌ಗೆ ಹೊರಳುತ್ತದೆ, ಸರಿಯಾದ ಮೇಲೆ ವಾಪಸ್ ಬರುತ್ತದೆ. ಇದಕ್ಕೆ ಚಿಕ್ಕ ಪ್ರೀಪೇಯ್ಡ್ ಸಿಮ್ ಸಾಕು, ಲೈನ್ ಒಂದು ಕಂಪನಿಯದಾದರೆ ಸಿಮ್ ಇನ್ನೊಂದು ನೆಟ್‌ವರ್ಕ್‌ನದು ಇರಲಿ. ಹಾಕಿದ ದಿನವೇ ಲೈನ್ ಕೇಬಲ್ ಕಿತ್ತು, ಮೊಬೈಲ್ ಏಳುತ್ತದೆಯೇ ಎಂದು ಒಂದು ಸಲ ನೋಡಿಬಿಡಿ.